ಆವಲಾನ್: ಗಾಳಿಗೆ ಬೆನ್ನು ಕೊಟ್ಟು ಕೂತ ಊರು

ದಕ್ಷಿಣ ಕ್ಯಾಲಿಫೋರ್ನಿಯಾದ ದಡದಿಂದ ಸುಮಾರು 35 ಕಿಲೋಮೀಟರ್ ಆಚೆ, ಪೆಸಿಫಿಕ್ ಸಾಗರದಲ್ಲಿ ಸಾಂಟಾ ಕ್ಯಾಟಲೀನಾ ದ್ವೀಪವಿದೆ. ಅದರ ಪೂರ್ವದ ತುದಿಯ ಹತ್ತಿರ ಕುಡುಗೋಲಿನಂತೆ ಬಾಗಿದ ಪುಟ್ಟ ಕೊಲ್ಲಿ, ಕೊಲ್ಲಿಯ ಅಂಚಿಗೇ ಆವಲಾನ್ ಊರು. ವರ್ಷವಿಡೀ ನೆಲೆಸಿರುವ ಜನ ನಾಲ್ಕು ಸಾವಿರವೂ ಇಲ್ಲ. ಈ ಕಡೆಯ ಸಮುದ್ರದಲ್ಲಿ ಗಾಳಿ, ಅಲೆ ಎರಡೂ ಬಹುಪಾಲು ಪಶ್ಚಿಮ ಮತ್ತು ವಾಯುವ್ಯದಿಂದ ಬರುತ್ತವೆ. ಆವಲಾನ್ ಕೊಲ್ಲಿಯ ಬಾಯಿ ತೆರೆದಿರುವುದು ಈಶಾನ್ಯಕ್ಕೆ. ನಡುವೆ ದ್ವೀಪದ ಬೆಟ್ಟಗಳು ಗೋಡೆಯಾಗಿ ನಿಂತಿವೆ. ಆಚೆ ಬದಿಯಲ್ಲಿ ಅಲೆ ಬಂಡೆಗೆ ಬಡಿಯುತ್ತಿರುವಾಗ ಈಚೆ ಬದಿಯ ನೀರು ಕೆರೆಯಷ್ಟು ಶಾಂತವಾಗಿರುತ್ತದೆ. ಈ ಊರಿನ ಒಳ್ಳೆಯದು, ಕೆಟ್ಟದ್ದು, ಅಪಾಯ ಎಲ್ಲವೂ ಈ ಒಂದು ಸಂಗತಿಯಿಂದಲೇ ಹುಟ್ಟಿದ್ದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯ ಶನಿವಾರ ಬೆಳಗ್ಗೆ ಹೋಗಿ ಸಂಜೆ ಮರಳುವವರಿಗೆ ಆವಲಾನ್ ಐದಕ್ಕೆ ಮೂರು ಅಂಕದ ಊರು. ವಾರದ ನಡುವೆ ಹೋಗಿ ಒಂದು ರಾತ್ರಿ ಉಳಿಯುವವರಿಗೆ ನಾಲ್ಕೂವರೆ. ಊರು ಅದೇ, ನೀರು ಅದೇ. ವ್ಯತ್ಯಾಸವಾಗುವುದು ದೋಣಿಗಳ ವೇಳಾಪಟ್ಟಿಯಿಂದ.

ಹೋಗುವ ದಾರಿ ದೋಣಿಯದು. ಕ್ಯಾಟಲೀನಾ ಎಕ್ಸ್‌ಪ್ರೆಸ್ ಲಾಂಗ್ ಬೀಚ್, ಸ್ಯಾನ್ ಪೆಡ್ರೊ, ಡೇನಾ ಪಾಯಿಂಟ್‌ಗಳಿಂದ ಹೊರಡುತ್ತದೆ. ಲಾಂಗ್ ಬೀಚ್‌ನಿಂದ ಒಂದು ಗಂಟೆ, ಸ್ಯಾನ್ ಪೆಡ್ರೊದಿಂದ ಸ್ವಲ್ಪ ಹೆಚ್ಚು, ಡೇನಾ ಪಾಯಿಂಟ್‌ನಿಂದ ಒಂದೂವರೆ ಗಂಟೆ. ನ್ಯೂಪೋರ್ಟ್ ಬೀಚ್‌ನಿಂದ ಕ್ಯಾಟಲೀನಾ ಫ್ಲೈಯರ್ ಎಂಬ ದೊಡ್ಡ ಕ್ಯಾಟಮರಾನ್ ದಿನಕ್ಕೆ ಒಂದು ಸಲ ಹೋಗಿ ಒಂದು ಸಲ ಬರುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ದೊಡ್ಡವರಿಗೆ ಹೋಗಿಬರುವ ಟಿಕೆಟ್ 80 ಡಾಲರ್‌ಗೂ ಮೇಲೆ, ಬಂದರಿನಲ್ಲಿ ಕಾರು ನಿಲ್ಲಿಸುವುದಕ್ಕೆ ಬೇರೆ ದುಡ್ಡು. ನಾಲ್ಕು ಜನರ ಕುಟುಂಬ ದ್ವೀಪಕ್ಕೆ ಕಾಲಿಡುವ ಮೊದಲೇ ಮುನ್ನೂರು ಡಾಲರ್‌ಗೂ ಹೆಚ್ಚು ಕೈಬಿಟ್ಟಿರುತ್ತದೆ. ಒಂದು ರಾತ್ರಿ ಉಳಿದರೆ ಆ ಖರ್ಚು ಎರಡು ದಿನಕ್ಕೆ ಹಂಚಿಹೋಗುತ್ತದೆ. ಉಳಿಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಟಿಕೆಟ್ ತೆಗೆಯುವಾಗ ಮರಳುವ ದೋಣಿಯ ಸಮಯವನ್ನೂ ಗೊತ್ತು ಮಾಡಿಕೊಳ್ಳಬೇಕು. ಬೇಸಿಗೆಯ ಭಾನುವಾರ ಸಂಜೆಯ ದೋಣಿಗಳು ಮೊದಲೇ ತುಂಬಿರುತ್ತವೆ, ಚಳಿಗಾಲದಲ್ಲಿ ದೋಣಿಗಳ ಸಂಖ್ಯೆಯೇ ಕಡಿಮೆ. ಬೆಳಗಿನ ಹೊತ್ತು ಕಡಲು ಸಾಮಾನ್ಯವಾಗಿ ಶಾಂತ. ಮಧ್ಯಾಹ್ನದ ಮೇಲೆ ಪಶ್ಚಿಮದ ಗಾಳಿ ಎದ್ದು ದಡಕ್ಕೂ ದ್ವೀಪಕ್ಕೂ ನಡುವಿನ ಕಡಲಿನಲ್ಲಿ ಸಣ್ಣ ಸಣ್ಣ ಚೂಪು ಅಲೆಗಳು ಶುರುವಾಗುತ್ತವೆ. ಹೊಟ್ಟೆ ತೊಳಸುವವರು ಮಾತ್ರೆಯನ್ನು ಹತ್ತುವ ಹೊತ್ತಿಗಲ್ಲ, ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಕೂರುವುದು ಕೆಳಗಿನ ಅಂತಸ್ತಿನಲ್ಲಿ, ಹಿಂಭಾಗಕ್ಕೆ, ನಡುವೆ. ಮುಂಭಾಗದಲ್ಲಿ ಎತ್ತಿ ಕುಕ್ಕುವುದು ಹೆಚ್ಚು, ಮೇಲಂತಸ್ತಿನಲ್ಲಿ ತೂಗುವುದು ಹೆಚ್ಚು. ಡಾಲ್ಫಿನ್ ನೋಡಬೇಕು ಎನ್ನುವವರು ಮೇಲೆಯೇ ಕೂರಲಿ, ಆದರೆ ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್ ಬೇಕು. ಟೆಂಟ್ ಹಾಕಲು ಹೋಗುವವರಿಗೆ ಒಂದು ಎಚ್ಚರಿಕೆ: ಸ್ಟೌವಿನ ಗ್ಯಾಸ್ ಕ್ಯಾನಿಸ್ಟರ್, ಇದ್ದಿಲು ಮೊದಲಾದ ಉರಿಯುವ ಸಾಮಾನು ದೋಣಿಗೆ ಹತ್ತಿಸುವುದಿಲ್ಲ. ಒಲೆ ಮಾತ್ರ ಒಯ್ದು, ಇಂಧನವನ್ನು ದ್ವೀಪದಲ್ಲೇ ಕೊಳ್ಳಬೇಕು.

ದೋಣಿ ಇಳಿಸುವುದು ಕ್ಯಾಬ್ರಿಲ್ಲೊ ಮೋಲ್ ಎಂಬ ಕಟ್ಟೆಗೆ. ಅಲ್ಲಿಂದ ನೀರಿನ ಅಂಚಿಗೆ ಐದರಿಂದ ಹತ್ತು ನಿಮಿಷ ನಡೆದರೆ ಪೇಟೆ. ನಕ್ಷೆಯಲ್ಲಿ ಕ್ರೆಸೆಂಟ್ ಅವೆನ್ಯೂ ಎಂದಿರುವ ಮುಖ್ಯ ಬೀದಿಯನ್ನು ಊರಿನವರು ಫ್ರಂಟ್ ಸ್ಟ್ರೀಟ್ ಎನ್ನುತ್ತಾರೆ. ನಡುವಿನ ಭಾಗಕ್ಕೆ ವಾಹನ ಬಿಡುವುದಿಲ್ಲವಾದ್ದರಿಂದ ಮಕ್ಕಳನ್ನು ಕೈಬಿಟ್ಟು ನಡೆಸಬಹುದು. ಅವಸರದಲ್ಲಿ ಹಾದುಹೋಗದೆ ಗೋಡೆಗಳಲ್ಲಿ, ಕಾರಂಜಿಯಲ್ಲಿ ಕೂರಿಸಿದ ಹೆಂಚುಗಳನ್ನು ನೋಡಿ. ಚ್ಯೂಯಿಂಗ್ ಗಮ್ ವ್ಯಾಪಾರದ ವಿಲಿಯಂ ರಿಗ್ಲಿ 1919ರಲ್ಲಿ ದ್ವೀಪವನ್ನು ಕೊಂಡ ಮೇಲೆ ಇಲ್ಲಿಯ ಮಣ್ಣಿನಿಂದಲೇ ಹೆಂಚು ಮಾಡುವ ಕಾರ್ಖಾನೆ 1927ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ದಟ್ಟ ನೀಲಿ, ಕಿತ್ತಳೆ, ಹಳದಿ ಮೆರುಗು ಅದರ ಗುರುತು. ಈಗ ಬೀದಿಯಲ್ಲಿ ಕಾಣುವುದರಲ್ಲಿ ಅದೇ ಮಾದರಿಯಲ್ಲಿ ಹೊಸದಾಗಿ ಮಾಡಿದವೂ ಬಹಳ ಇವೆ. ಹಳೆಯ ಹೆಂಚಿನ ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ ಇರುತ್ತದೆ, ಅಂಚು ಸ್ವಲ್ಪ ಸವೆದಿರುತ್ತದೆ. ಹತ್ತಿರ ಹೋಗಿ ಬೆರಳಾಡಿಸಿದರೆ ತಿಳಿಯುತ್ತದೆ.

ಊರಿನಲ್ಲಿ ಕಾರು ಬಲು ಕಡಿಮೆ. ದೊಡ್ಡ ವಾಹನ ಇಟ್ಟುಕೊಳ್ಳಲು ನಗರಾಡಳಿತದ ಪರವಾನಗಿ ಬೇಕು, ಅದಕ್ಕೆ ಸರದಿ ಹಚ್ಚಿದವರು ದಶಕಗಟ್ಟಲೆ ಕಾಯುತ್ತಾರೆ. ಹಾಗಾಗಿ ಜನ ಓಡಾಡುವುದು ಗಾಲ್ಫ್ ಕಾರ್ಟ್‌ನಲ್ಲಿ, ಬಂದವರಿಗೂ ಅದೇ ಬಾಡಿಗೆಗೆ ಸಿಗುತ್ತದೆ. ಇಡೀ ದಿನಕ್ಕೆ ತೆಗೆದುಕೊಳ್ಳಬೇಡಿ. ಬಾಡಿಗೆಯ ಕಾರ್ಟ್ ಊರಿನ ಗಡಿ ದಾಟುವಂತಿಲ್ಲ, ಊರಿನ ಉದ್ದಗಲ ನೋಡಲು ಒಂದು ಗಂಟೆ, ಹೆಚ್ಚೆಂದರೆ ಎರಡು ಸಾಕು. ಚಾಲನಾ ಪರವಾನಗಿ ಕೈಯಲ್ಲಿರಲಿ. ವಯಸ್ಸಿನ ಮಿತಿಯನ್ನು ಅಂಗಡಿಯಲ್ಲಿ ಮೊದಲೇ ಕೇಳಿ, ಇಪ್ಪತ್ತರ ಆಸುಪಾಸಿನವರನ್ನು ಹಿಂದಕ್ಕೆ ಕಳಿಸುವ ಅಂಗಡಿಗಳಿವೆ. ದಾರಿ ಹೀಗೆ ಹಿಡಿಯುವುದು ಒಳ್ಳೆಯದು: ಮೊದಲು ಪೂರ್ವದ ಕಡೆಯ ರಿಗ್ಲಿ ಟೆರೇಸ್ ರಸ್ತೆ ಹತ್ತಿ ಮೌಂಟ್ ಏಡಾ ಬದಿಯಿಂದ ಕೊಲ್ಲಿಯನ್ನು ನೋಡಿ, ಇಳಿದು ಕಣಿವೆಯ ಉದ್ದಕ್ಕೆ ಸಸ್ಯೋದ್ಯಾನದವರೆಗೆ ಹೋಗಿ, ಮರಳಿ ಪಶ್ಚಿಮದ ಕಡೆ ಚೈಮ್ಸ್ ಟವರ್ ರಸ್ತೆ ಹತ್ತಿ ಕೆಸಿನೊ ಕಡೆಗೆ ಇಳಿಯಿರಿ. ಬೆಳಗ್ಗೆ ಹತ್ತರೊಳಗೆ ಹೊರಟರೆ ಸೂರ್ಯ ಸಮುದ್ರದ ಕಡೆಯಿಂದ ಊರಿನ ಮೇಲೆ ಬೀಳುತ್ತಾನೆ, ಫೋಟೋ ಚೆನ್ನಾಗಿ ಬರುತ್ತದೆ, ಸರದಿಯೂ ಇರುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಪಾರ್ಕಿಂಗ್ ಬ್ರೇಕನ್ನು ಕಟಕ್ ಎನ್ನುವವರೆಗೆ ಒತ್ತಿ, ಕಾರ್ಟ್ ಇಳಿಮುಖವಾಗಿದ್ದರೆ ಮುಂದಿನ ಚಕ್ರವನ್ನು ರಸ್ತೆಯಂಚಿನ ಕಟ್ಟೆಯ ಕಡೆಗೆ, ಏರುಮುಖವಾಗಿದ್ದರೆ ಕಟ್ಟೆಯಿಂದ ಆಚೆಗೆ ತಿರುಗಿಸಿಡಬೇಕು. ಹೊತ್ತು ಮೀರಿ ಮರಳಿಸಿದರೆ ಹೆಚ್ಚಿನ ಬಾಡಿಗೆ ಬೀಳುತ್ತದೆ.

ಚೈಮ್ಸ್ ಟವರ್ 1925ರದು. ಕಾಲು ಗಂಟೆಗೊಮ್ಮೆ ಬಾರಿಸುವ ಆ ಗಂಟೆ ಕಣಿವೆಯ ತುಂಬ ಕೇಳುತ್ತದೆ. ಮಧ್ಯಾಹ್ನ ನಿದ್ದೆ ಮಾಡುವ ಮಗುವಿದ್ದರೆ ಅದರ ಕೆಳಗಿನ ಹೋಟೆಲು ಬೇಡ.

ಊರಿನ ಗುರುತೇ ಆಗಿರುವ ದುಂಡು ಕಟ್ಟಡ ಕೆಸಿನೊ. ಹೆಸರು ಕೇಳಿ ಜೂಜಿನ ಮನೆ ಎಂದುಕೊಳ್ಳುವವರು ಬಹಳ, ಅಲ್ಲಿ ಜೂಜು ನಡೆದದ್ದೇ ಇಲ್ಲ. ಇಟಾಲಿಯನ್‌ನಲ್ಲಿ ಆ ಪದಕ್ಕೆ ಜನ ಸೇರುವ ಜಾಗ ಎಂಬ ಅರ್ಥವೂ ಇದೆ. 1929ರ ಮೇ ತಿಂಗಳಲ್ಲಿ ತೆರೆದ ಕಟ್ಟಡದ ಕೆಳಗೆ ಚಿತ್ರಮಂದಿರ, ಮೇಲೆ ನೃತ್ಯಶಾಲೆ. ಮಾತಿನ ಚಿತ್ರಗಳು ಆಗಷ್ಟೇ ಬಂದಿದ್ದ ಕಾಲದಲ್ಲಿ ಧ್ವನಿಯನ್ನೇ ಗಮನದಲ್ಲಿಟ್ಟು ಕಟ್ಟಿದ ಮೊದಲ ಮಂದಿರಗಳಲ್ಲಿ ಇದೂ ಒಂದು. ಗೋಡೆಯ ತುಂಬ ಜಾನ್ ಗೇಬ್ರಿಯಲ್ ಬೆಕ್ಮನ್ ಬಿಡಿಸಿದ ಚಿತ್ರಗಳಿವೆ. ಮೇಲಿನ ನೃತ್ಯಶಾಲೆಗೆ ಹೋಗಲು ಮೆಟ್ಟಿಲಿನ ಬದಲು ಇಳಿಜಾರು ದಾರಿ ಮಾಡಿದ್ದಾರೆ. ಸಾವಿರಾರು ಜನ ಒಟ್ಟಿಗೆ ಹತ್ತಿ ಇಳಿಯುವಾಗ ನೂಕುನುಗ್ಗಲಾಗದಿರಲಿ ಎಂದು ರಿಗ್ಲಿ ಕುಟುಂಬ ತಮ್ಮ ಬೇಸ್‌ಬಾಲ್ ಮೈದಾನದ ಅನುಭವವನ್ನು ಇಲ್ಲಿಗೆ ತಂದಿತ್ತು. ಮಂಡಿನೋವಿನವರಿಗೆ ಇಂದಿಗೂ ಅದು ಉಪಕಾರ. ದಿನವೂ ಸಿನಿಮಾ ತೋರಿಸುವುದು 2019ರ ಕೊನೆಗೆ ನಿಂತಿತು. ಆದ್ದರಿಂದ ಒಳಗೆ ನೋಡಬೇಕೆಂದರೆ ಮಾರ್ಗದರ್ಶಿಯೊಂದಿಗಿನ ಸುತ್ತಾಟವೇ ದಾರಿ. ಟಿಕೆಟ್ ತೆಗೆಯುವಾಗ ಅದರಲ್ಲಿ ನೃತ್ಯಶಾಲೆಯೂ ಸೇರಿದೆಯೇ ಎಂದು ಕೇಳಿ. ಮೇಲಿನ ಸುತ್ತುಜಗಲಿ ನೋಡದೆ ಬಂದರೆ ಅರ್ಧ ನೋಡಿದ ಹಾಗೆ.

ಇನ್ನು ನೀರಿನ ಮಾತು. ಈ ಊರಿಗೆ ಹೋಗಲೇಬೇಕಾದ ಕಾರಣ ಕೆಸಿನೊ ಕಟ್ಟಡದ ಹಿಂದೆ, ನೀರಿನ ಕೆಳಗಿದೆ. ಕೆಸಿನೊ ಪಾಯಿಂಟ್ ಡೈವ್ ಪಾರ್ಕ್‌ಗೆ ಪ್ರವೇಶ ಶುಲ್ಕವಿಲ್ಲ. 1960ರ ದಶಕದಿಂದ ಡೈವಿಂಗ್‌ಗೆಂದೇ ಕಾದಿಟ್ಟ ಈ ನೀರಿನ ಸುತ್ತ ತೇಲುಗುಂಡುಗಳ ಸಾಲು ಕಟ್ಟಿದ್ದಾರೆ, ದೋಣಿಗಳು ಒಳಗೆ ಬರುವುದಿಲ್ಲ. ಗಾಳಿಗೆ ಮರೆಯಾದ್ದರಿಂದ ಅಲೆಯಿಲ್ಲ, ಮರಳಿಗಿಂತ ಬಂಡೆ ಹೆಚ್ಚಾದ್ದರಿಂದ ಕೆಸರಿಲ್ಲ. ಸಾಧಾರಣ ದಿನದಲ್ಲಿ ಹತ್ತು ಮೀಟರ್ ಆಚೆಯದು ಕಾಣುತ್ತದೆ, ಒಳ್ಳೆಯ ದಿನಗಳಲ್ಲಿ ಅದರ ಎರಡರಷ್ಟು. ದಡದಿಂದ ತಳ ಬೇಗ ಇಳಿಯುತ್ತದೆ. ಉಸಿರುಕೊಳವೆ ಕಚ್ಚಿ ನೀರಿನ ಮೇಲ್ಮೈಯಲ್ಲೇ ಈಜುತ್ತ ಸ್ನಾರ್ಕೆಲ್ ಮಾಡುವವರು ದಡದ ಬಂಡೆಗಳ ಸಾಲಿಗೆ ಅಂಟಿಕೊಂಡಿದ್ದರೆ ಸಾಕು, ಮೀನು ಅಲ್ಲಿಯೇ ಹೆಚ್ಚು. ಗಾಳಿಯ ಟ್ಯಾಂಕ್ ಹೊತ್ತು ಮುಳುಗುವ ಸ್ಕೂಬಾದವರಿಗೆ ಆಳದಲ್ಲಿ ಮುಳುಗಿಸಿಟ್ಟ ಹಳೆಯ ದೋಣಿಗಳಿವೆ, ಕಡಲಾಳದ ಶೋಧಕ ಝಾಕ್ ಕೂಸ್ತೊ ನೆನಪಿನ ಫಲಕವಿದೆ. ತಳ ಇನ್ನೂ ಇಳಿಯುತ್ತಲೇ ಹೋಗುವುದರಿಂದ ಆಳ ತೋರಿಸುವ ಮೀಟರಿನ ಮೇಲೆ ಕಣ್ಣಿರಬೇಕು.

ನೀರಿಗಿಳಿಯುವುದು ಕಾಂಕ್ರೀಟ್ ಮೆಟ್ಟಿಲಿನಿಂದ, ಪಕ್ಕಕ್ಕೆ ಕಬ್ಬಿಣದ ಕಂಬಿ ಇದೆ. ಹೆಚ್ಚಿನವರು ಬೀಳುವುದು ಇಲ್ಲೇ. ಕೆಳಗಿನ ಮೂರ್ನಾಲ್ಕು ಮೆಟ್ಟಿಲಿಗೆ ಪಾಚಿ ಹಿಡಿದಿರುತ್ತದೆ, ಉಬ್ಬರದ ಸಣ್ಣ ತಳ್ಳಾಟವೂ ಇರುತ್ತದೆ. ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿಕೊಂಡು ಮೆಟ್ಟಿಲು ಇಳಿಯಬಾರದು. ಮಾಸ್ಕ್ ಮುಖಕ್ಕೆ, ರೆಗ್ಯುಲೇಟರ್ ಅಥವಾ ಸ್ನಾರ್ಕೆಲ್ ಬಾಯಿಗೆ, ಫಿನ್ ಎರಡೂ ಒಂದು ಕೈಯಲ್ಲಿ, ಇನ್ನೊಂದು ಕೈ ಕಂಬಿಗೆ. ಸೊಂಟದ ಮಟ್ಟಕ್ಕೆ ನೀರು ಬಂದಾಗ, ನೀರು ಮೇಲೇರಿದ ಹೊತ್ತು ನೋಡಿ ಮುಂದಕ್ಕೆ ತೇಲಿ, ಮೆಟ್ಟಿಲಿನಿಂದ ದೂರ ಸರಿದ ಮೇಲೆ ಫಿನ್ ಹಾಕಿಕೊಳ್ಳಬೇಕು. ಹತ್ತುವಾಗ ಇದೇ ಕ್ರಮ ತಿರುಗುಮುರುಗು. ಸುಸ್ತಾದವರು ಮೆಟ್ಟಿಲಿನ ಮೇಲೆಯೇ ಕೂತುಬಿಡುತ್ತಾರೆ, ಹಿಂದಿನವರು ನೀರಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ನಾಲ್ಕು ಹೆಜ್ಜೆ ಮೇಲೆ ಬಂದು ಕೂತರೆ ಎಲ್ಲರಿಗೂ ಒಳ್ಳೆಯದು.

ನೀರು ತಣ್ಣಗಿರುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚಳಿಗಾಲದ ಕೊನೆಯಲ್ಲಿ 13ರಿಂದ 15 ಡಿಗ್ರಿ ಸೆಲ್ಸಿಯಸ್, ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್‌ನಲ್ಲಿ 20ರಿಂದ 22. ಸ್ಕೂಬಾಗೆ 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಎಂಬ ರಬ್ಬರ್ ಉಡುಪು, ಜೊತೆಗೆ ತಲೆಟೋಪಿ, ಸೆಪ್ಟೆಂಬರ್‌ನಲ್ಲಿ 5 ನಡೆಯುತ್ತದೆ. ಸ್ನಾರ್ಕೆಲ್ ಮಾಡುವ ಮಕ್ಕಳಿಗೂ ವೆಟ್‌ಸೂಟ್ ಬೇಕೇ ಬೇಕು. ಇಲ್ಲದಿದ್ದರೆ ಇಪ್ಪತ್ತು ನಿಮಿಷದಲ್ಲಿ ತುಟಿ ನೀಲಿಯಾಗಿ, ಆಟ ಅಲ್ಲಿಗೇ ಮುಗಿಯುತ್ತದೆ. ವೆಟ್‌ಸೂಟ್ ತೇಲಿಸುತ್ತದೆ ಕೂಡ, ಈಜು ಅಷ್ಟಕ್ಕಷ್ಟೇ ಇರುವವರಿಗೆ ಅದೂ ಒಂದು ಆಸರೆ. ಬಾಡಿಗೆಗೆ ತೆಗೆದುಕೊಳ್ಳುವಾಗ ಕತ್ತಿನ ಬಳಿ ಎರಡು ಬೆರಳು ನುಸುಳುವಷ್ಟು ಸಡಿಲವಿದ್ದರೆ ಒಂದು ಅಳತೆ ಚಿಕ್ಕದನ್ನು ಕೇಳಿ. ಅಲ್ಲಿಂದಲೇ ತಣ್ಣೀರು ಬೆನ್ನಿಗಿಳಿಯುವುದು.

ಕೆಳಗೆ ಕಾಣುವುದು ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡು. ತಳದ ಬಂಡೆಗೆ ಬೇರಿನಂಥ ಹಿಡಿಗಂಟು, ಅಲ್ಲಿಂದ ಹಗ್ಗದಂತೆ ಮೇಲೇರುವ ಕಾಂಡ, ಪ್ರತಿ ಎಲೆಯ ಬುಡದಲ್ಲೂ ಹುಣಸೆಬೀಜಕ್ಕಿಂತ ದೊಡ್ಡದಾದ ಗಾಳಿಗುಳ್ಳೆ. ಆ ಗುಳ್ಳೆಗಳೇ ಕಾಂಡವನ್ನು ಎತ್ತಿ ಹಿಡಿಯುತ್ತವೆ. ಎಲ್ಲ ಕೂಡಿಬಂದರೆ ದಿನಕ್ಕೆ ಅರ್ಧ ಮೀಟರಿಗೂ ಹೆಚ್ಚು ಬೆಳೆಯುವ ಪಾಚಿಯಿದು. ಬಿಸಿಲು ಮೇಲಿನಿಂದ ಬಿದ್ದಾಗ ಕಂದು ಎಲೆಗಳು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಆ ಬೆಳಕಿನಲ್ಲಿ ಕಿತ್ತಳೆ ಬಣ್ಣದ ಗ್ಯಾರಿಬಾಲ್ಡಿ ಮೀನು ಕೆಂಡದಂತೆ ಹೊಳೆಯುತ್ತದೆ. ಇದು ಕ್ಯಾಲಿಫೋರ್ನಿಯಾದ ರಾಜ್ಯ ಸಮುದ್ರ ಮೀನು, ಹಿಡಿಯುವುದು ಕಾನೂನಿಗೆ ವಿರುದ್ಧ. ಮರಿಗಳ ಮೈಮೇಲೆ ಹೊಳೆಯುವ ನೀಲಿ ಚುಕ್ಕೆಗಳಿರುತ್ತವೆ, ಬೆಳೆದಂತೆ ಮಾಯವಾಗುತ್ತವೆ. ಬೇಸಿಗೆಯಲ್ಲಿ ಗಂಡು ಮೀನು ಬಂಡೆಯ ಒಂದು ಭಾಗವನ್ನು ಚೊಕ್ಕಟ ಮಾಡಿ ಕೆಂಪು ಪಾಚಿ ಬೆಳೆಸಿ ಗೂಡು ಮಾಡಿಕೊಂಡು ಮೊಟ್ಟೆ ಕಾಯುತ್ತದೆ. ಆಗ ಹತ್ತಿರ ಹೋದವರ ಮಾಸ್ಕಿಗೇ ನುಗ್ಗುತ್ತದೆ. ಅದು ಹಾಗೆ ನುಗ್ಗಿದರೆ ಹಿಂದೆ ಸರಿಯಬೇಕು. ಕಾವಲು ಬಿಟ್ಟು ಅದು ನಿಮ್ಮ ಬೆನ್ನಟ್ಟುವ ಹೊತ್ತಿನಲ್ಲಿ ಬೇರೆ ಮೀನುಗಳು ಮೊಟ್ಟೆ ತಿಂದುಬಿಡುತ್ತವೆ.

ಬೇಸಿಗೆಯಲ್ಲಿ ಅದೃಷ್ಟವಿದ್ದರೆ ಜೈಂಟ್ ಸೀ ಬಾಸ್ ಕಾಣುತ್ತದೆ. ಎರಡು ಮೀಟರ್‌ವರೆಗೆ ಬೆಳೆಯುವ, ಎಮ್ಮೆಯಷ್ಟು ನಿಧಾನದ ಮೀನು. ಒಂದು ಕಾಲಕ್ಕೆ ಗಾಳ ಹಾಕಿ ಹಾಕಿ ಬಹುತೇಕ ಮುಗಿಸಿಬಿಟ್ಟಿದ್ದರು. 1980ರ ದಶಕದ ಆರಂಭದಲ್ಲಿ ಹಿಡಿಯುವುದಕ್ಕೆ ತಡೆ ಬಂದ ಮೇಲೆ ಮೆಲ್ಲನೆ ಮರಳುತ್ತಿದೆ. ಕಂಡರೆ ಬೆನ್ನಟ್ಟಬೇಡಿ. ಇದ್ದಲ್ಲೇ ನಿಂತರೆ ಅದೇ ಸುತ್ತಿ ಬರುವುದುಂಟು.

ಕೆಲ್ಪ್‌ನಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದು ಎಲ್ಲ ಹೊಸಬರ ಭಯ. ಸುತ್ತ ತಿರುಗಬಾರದು, ತಿರುಗಿದಷ್ಟೂ ಸುತ್ತಿಕೊಳ್ಳುತ್ತದೆ. ಎಳೆದರೆ ಹರಿಯುವುದಿಲ್ಲ, ರಬ್ಬರಿನಂತೆ ಜಗ್ಗುತ್ತದೆ. ಬೆಂಡೆಕಾಯಿ ಮುರಿದ ಹಾಗೆ ಚಟಕ್ಕನೆ ಮಡಚಿದರೆ ಮುರಿಯುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಟ್ಯಾಂಕಿನ ವಾಲ್ವ್ ಮತ್ತು ಫಿನ್‌ನ ಬಕಲ್. ಪಟ್ಟಿಯ ಉಳಿದ ತುದಿಗಳನ್ನು ಮೊದಲೇ ಒಳಕ್ಕೆ ಮಡಚಿ ಟೇಪು ಸುತ್ತಿಬಿಟ್ಟರೆ ಅರ್ಧ ತೊಂದರೆ ಇಲ್ಲ. ಇಳಿಯುವ ಮೊದಲು ದಡದಲ್ಲಿ ನಿಂತು ನೋಡಿ: ಮೇಲೆ ತೇಲುವ ಕೆಲ್ಪ್ ಎಲ್ಲ ಒಂದೇ ಕಡೆಗೆ ಬಾಚಿದ ಕೂದಲಿನಂತೆ ಮಲಗಿದ್ದರೆ ಅತ್ತ ಸೆಳೆತವಿದೆ ಎಂದರ್ಥ. ಸೆಳೆತಕ್ಕೆ ಎದುರಾಗಿ ಶುರು ಮಾಡಿ, ಮರಳುವಾಗ ಅದೇ ನಿಮ್ಮನ್ನು ತಂದು ಬಿಡುತ್ತದೆ. ಕೆಲ್ಪ್ ತಣ್ಣೀರಿನ ಪಾಚಿ. ನೀರು ಹೆಚ್ಚು ಬೆಚ್ಚಗಾದ ವರ್ಷಗಳಲ್ಲಿ ಬೇಸಿಗೆಯ ಕೊನೆಗೆ ಕಾಡು ತೆಳುವಾಗುತ್ತದೆ, ಆ ಜಾಗಕ್ಕೆ ಏಷ್ಯಾ ಕಡೆಯಿಂದ ಬಂದ ಸಾರ್ಗಾಸಮ್ ಎಂಬ ಕಳೆ ನುಗ್ಗಿದೆ. ಬೆಚ್ಚನೆಯ ನೀರು, ದಟ್ಟ ಕಾಡು ಎರಡೂ ಒಟ್ಟಿಗೆ ಸಿಗುವ ವಾರಗಳು ಕಡಿಮೆ.

ಶನಿವಾರ ಒಂಬತ್ತು ಗಂಟೆಯ ಮೇಲೆ ಡೈವಿಂಗ್ ತರಗತಿಗಳು ಇಳಿಯುತ್ತವೆ. ಹೊಸಬರ ಫಿನ್ ತಗುಲಿ ತಳದ ಪುಡಿ ಎದ್ದು ನೀರು ಮಸುಕಾಗುತ್ತದೆ. ವಾರದ ದಿನದ ಬೆಳಗ್ಗೆ ಏಳೂವರೆಗೆ ಇಳಿದವರು ನೋಡುವ ನೀರೇ ಬೇರೆ. ದೋಣಿಕಟ್ಟೆಯಿಂದ ಇಲ್ಲಿಗೆ ಸುಮಾರು ಒಂದು ಕಿಲೋಮೀಟರ್. ಸ್ವಂತ ಸಾಮಾನು ತರುವವರು ಗಾಲಿಯ ತಳ್ಳುಗಾಡಿ ತರಲಿ ಅಥವಾ ಟ್ಯಾಕ್ಸಿ ಹಿಡಿಯಲಿ. ಆಳದಿಂದ ಬೇಗ ಮೇಲೆ ಬಂದವರಿಗೆ ಆಗುವ ಡಿಕಂಪ್ರೆಷನ್ ತೊಂದರೆಗೆ ಚಿಕಿತ್ಸೆ ಕೊಡುವ ಒತ್ತಡ ಕೋಣೆ ಇದೇ ದ್ವೀಪದಲ್ಲಿ, ಟೂ ಹಾರ್ಬರ್ಸ್ ಎಂಬ ಹಳ್ಳಿಯ ಬಳಿ ಇರುವುದು ದೊಡ್ಡ ಧೈರ್ಯ. ಊರಿನಲ್ಲೇ ಸಣ್ಣ ಆಸ್ಪತ್ರೆಯೂ ಇದೆ.

ಸ್ನಾರ್ಕೆಲ್ ಮಾತ್ರ ಸಾಕು ಎನ್ನುವವರಿಗೆ ದೋಣಿಕಟ್ಟೆಯ ಆಚೆಗಿನ ಲವರ್ಸ್ ಕೋವ್ ಕೂಡ ಒಳ್ಳೆಯದು. ಆದರೆ ದಡ ಪೂರ್ತಿ ಉರುಟು ಕಲ್ಲು, ರಬ್ಬರ್ ತಳದ ಬೂಟಿಯಿಲ್ಲದೆ ಕಾಲಿಡಲಾಗದು.

ಈಗ ಊರೆದುರಿನ ಮರಳಿನ ದಂಡೆ. ಮಕ್ಕಳಿಗೆ ಇದಕ್ಕಿಂತ ಶಾಂತವಾದ ನೀರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಿಗುವುದು ಕಷ್ಟ, ಆದರೆ ಮರೆಯ ಬೆಲೆ ಕಟ್ಟುವುದೂ ಇಲ್ಲೇ. ಅಲೆ ಬಾರದ ಕೊಲ್ಲಿಯಲ್ಲಿ ನೀರು ಬೇಗ ಬದಲಾಗುವುದಿಲ್ಲ, ಬಿದ್ದದ್ದು ಅಲ್ಲೇ ಉಳಿಯುತ್ತದೆ. ಹಿಂದೆ ಊರಿನ ಹಳೆಯ ಒಳಚರಂಡಿ ಕೊಳವೆಗಳು ಸೋರಿ ಆ ನೀರು ಮರಳಿನಡಿಯಿಂದ ಕೊಲ್ಲಿಗೆ ಬರುತ್ತಿತ್ತು. ಹೀಲ್ ದ ಬೇ ಸಂಸ್ಥೆ ಪ್ರಕಟಿಸುವ ರಾಜ್ಯದ ಅತಿ ಕೊಳಕು ದಂಡೆಗಳ ಪಟ್ಟಿಯಲ್ಲಿ ಆವಲಾನ್ ವರ್ಷಗಟ್ಟಲೆ ಇತ್ತು. 2012ರಲ್ಲಿ ಪ್ರಾದೇಶಿಕ ಜಲಗುಣ ಮಂಡಳಿಯ ಆದೇಶ ಬಂತು, ಊರು ಬಹಳ ದುಡ್ಡು ಹಾಕಿ ಕೊಳವೆಗಳನ್ನು ಸರಿಪಡಿಸಿತು, ಸ್ಥಿತಿ ಸುಧಾರಿಸಿತು. ಹಾಗಿದ್ದೂ ಹೋಗುವ ವಾರ ಆ ಸಂಸ್ಥೆಯ ಅಂಕಪಟ್ಟಿಯಲ್ಲಿ ಈ ದಂಡೆಗೆ ಎಷ್ಟು ಸಿಕ್ಕಿದೆ ನೋಡಿಕೊಳ್ಳಿ. ಮಳೆ ಬಿದ್ದ ಮೇಲೆ ಮೂರು ದಿನ ಮಕ್ಕಳನ್ನು ಇಳಿಸಬೇಡಿ. ಇದೇ ಕಾರಣಕ್ಕೆ ಬಂದರಿಗೆ ಬರುವ ಸ್ವಂತ ದೋಣಿಗಳ ಮೇಲೂ ಕಣ್ಗಾವಲಿದೆ. ಬಂದರಿನ ಸಿಬ್ಬಂದಿ ದೋಣಿ ಹತ್ತಿ ಶೌಚದ ತೊಟ್ಟಿಗೆ ಬಣ್ಣದ ಮಾತ್ರೆ ಹಾಕುತ್ತಾರೆ. ಯಾರಾದರೂ ಕೊಲ್ಲಿಗೆ ಬಿಟ್ಟರೆ ಹೊಳೆಯುವ ಬಣ್ಣ ನೀರಿನಲ್ಲಿ ಹರಡಿ ಸಿಕ್ಕಿಬೀಳುತ್ತಾರೆ. ಸರಳ, ಚೊಕ್ಕ ಉಪಾಯ.

ಮರಳಿನ ಮೇಲೆ ಆರಾಮಕುರ್ಚಿ, ನೆರಳು, ತಿಂಡಿ ಬೇಕೆನ್ನುವವರಿಗೆ ಕೆಸಿನೊ ದಾಟಿದರೆ ಡೆಸ್ಕಾನ್ಸೊ ಬೀಚ್ ಕ್ಲಬ್ ಇದೆ. ದುಡ್ಡು ಕೊಟ್ಟು ಕೂರುವ ಜಾಗ. ಮರಳಿನ ಮೇಲೆ ಮದ್ಯಕ್ಕೆ ಅನುಮತಿಯಿದೆ, ಹಾಗಾಗಿ ಮಧ್ಯಾಹ್ನ ಎರಡರ ಮೇಲೆ ಸದ್ದು ಹೆಚ್ಚು. ಚಿಕ್ಕ ಮಕ್ಕಳಿದ್ದರೆ ಬೆಳಗ್ಗೆ ಹೋಗಿ ಊಟದ ಹೊತ್ತಿಗೆ ಎದ್ದುಬಿಡುವುದು ಮೇಲು. ಒಂದು ಮಾತು ನೆನಪಿರಲಿ: ಕೊಲ್ಲಿ ಈಶಾನ್ಯಕ್ಕೆ ಮುಖ ಮಾಡಿದೆ, ಹಿಂದೆ ಬೆಟ್ಟ. ಬಿಸಿಲು ಬೇಗ ಹೋಗುತ್ತದೆ, ಚಳಿಗಾಲದಲ್ಲಂತೂ ಇನ್ನೂ ಬೇಗ. ಕಡಲಿನಲ್ಲಿ ಮುಳುಗುವ ಸೂರ್ಯನನ್ನು ಇಲ್ಲಿಂದ ನೋಡಲಾಗದು. ಕಡಲಿನಿಂದ ಏಳುವ ಸೂರ್ಯನನ್ನು ನೋಡಬಹುದು, ಅದಕ್ಕೆ ರಾತ್ರಿ ಉಳಿದಿರಬೇಕು.

ಮರೆ ಮಗುಚಿಬೀಳುವ ದಿನಗಳೂ ಇವೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆಗಾಗ ಮರುಭೂಮಿಯ ಕಡೆಯಿಂದ ಸಾಂಟಾ ಆನಾ ಗಾಳಿ ಬೀಸುತ್ತದೆ. ಅದು ಬರುವುದು ಈಶಾನ್ಯದಿಂದ, ಅಂದರೆ ನೇರ ಕೊಲ್ಲಿಯ ಬಾಯಿಗೆ. ಆಗ ಬೆಟ್ಟದ ಗೋಡೆ ಯಾವ ಉಪಯೋಗಕ್ಕೂ ಬಾರದು. ಅಲೆ ನೇರ ಬೀದಿಯ ಕಟ್ಟೆಗೆ ಬಡಿಯುತ್ತದೆ, ಕಟ್ಟಿದ ದೋಣಿಗಳು ಸರಪಣಿ ಕಿತ್ತುಕೊಳ್ಳುತ್ತವೆ. 2014ರ ಡಿಸೆಂಬರ್ 30ರ ರಾತ್ರಿಯ ಇಂಥದೇ ಗಾಳಿಯಲ್ಲಿ ಇಲ್ಲಿ ಇಬ್ಬರು ಜೀವ ಕಳೆದುಕೊಂಡರು, ದೋಣಿಗಳು ದಡಕ್ಕೆ ಬಿದ್ದು ಒಡೆದವು. ಪ್ರಯಾಣದ ಹಿಂದಿನ ದಿನ ರಾಷ್ಟ್ರೀಯ ಹವಾಮಾನ ಸೇವೆಯ ಸಮುದ್ರ ಮುನ್ಸೂಚನೆ ನೋಡಿ. ಗಾಳಿ ಪಶ್ಚಿಮ ಅಥವಾ ವಾಯುವ್ಯ ಎಂದಿದ್ದರೆ ಹೆಚ್ಚು ಚಿಂತೆಯಿಲ್ಲ, ದಾಟುವಾಗ ಕುಲುಕಾಡಿದರೂ ಕೊಲ್ಲಿ ಶಾಂತವಾಗಿರುತ್ತದೆ. ಈಶಾನ್ಯ ಅಥವಾ ಪೂರ್ವ ಎಂದಿದ್ದು, ವೇಗವೂ ಹೆಚ್ಚಿದ್ದರೆ ದಿನ ಬದಲಿಸಿ. ಪ್ರಯಾಣಿಕರ ದೋಣಿಗಳೂ ಅಂಥ ದಿನ ರದ್ದಾಗುತ್ತವೆ. ಚಳಿಗಾಲದಲ್ಲಿ ದ್ವೀಪದಿಂದ ಮರಳುವ ದಿನವೇ ವಿಮಾನದ ಟಿಕೆಟ್ ಇಟ್ಟುಕೊಳ್ಳುವುದು ದೊಡ್ಡ ತಪ್ಪು, ಒಂದು ದಿನ ಬಿಡುವಿರಲಿ.

ಸ್ವಂತ ದೋಣಿಯಲ್ಲಿ ಬರುವವರು ಕೊಲ್ಲಿಯ ಬಾಯಲ್ಲಿ ಬಂದರಿನ ಗಸ್ತು ದೋಣಿಗೆ ಕಾಯಬೇಕು, ಅವರೇ ಕಟ್ಟುವ ಜಾಗ ತೋರಿಸುತ್ತಾರೆ. ಇಲ್ಲಿ ದೋಣಿಯನ್ನು ಮುಂದೆ ಹಿಂದೆ ಎರಡೂ ಕಡೆ ಕಟ್ಟಬೇಕು. ತೇಲುಗುಂಡಿನ ಮೇಲೆ ನಿಂತ ಉದ್ದನೆಯ ಕೋಲನ್ನು ಹಿಡಿದೆತ್ತಿ ಮುಂದಿನ ಹಗ್ಗವನ್ನು ಮೂತಿಯ ಗೂಟಕ್ಕೆ ಹಾಕಿ, ಅದಕ್ಕೆ ಸೇರಿದ ತೆಳು ಹಗ್ಗವನ್ನು ಕೈಯಿಂದ ಜಾರಿಸುತ್ತ ಹಿಂದಕ್ಕೆ ನಡೆದರೆ ಹಿಂದಿನ ಹಗ್ಗ ಸಿಗುತ್ತದೆ. ಕೈಗವಸು ಹಾಕಿಕೊಳ್ಳಿ, ಆ ಹಗ್ಗಕ್ಕೆ ಅಂಟಿದ ಚಿಪ್ಪು ಅಂಗೈ ಕೊಯ್ಯುತ್ತದೆ. ತೆಳು ಹಗ್ಗ ನೀರಿನಲ್ಲಿರುವಷ್ಟು ಹೊತ್ತು ಎಂಜಿನ್ ನ್ಯೂಟ್ರಲ್‌ನಲ್ಲಿರಬೇಕು. ಪ್ರೊಪೆಲರ್‌ಗೆ ಹಗ್ಗ ಸುತ್ತಿಕೊಳ್ಳುವುದು ಇಲ್ಲಿ ಮೊದಲ ಸಲ ಬಂದವರ ಮಾಮೂಲಿ ಗೋಳು.

ಬೆಟ್ಟ ಹತ್ತುವ ಮನಸ್ಸಿದ್ದರೆ ಕಣಿವೆಯ ತಲೆಯಲ್ಲಿರುವ ರಿಗ್ಲಿ ಸ್ಮಾರಕ ಸಸ್ಯೋದ್ಯಾನದವರೆಗೆ ಹೋಗಿ, ಅಲ್ಲಿಂದ ಗಾರ್ಡನ್ ಟು ಸ್ಕೈ ಹಾದಿ ಹಿಡಿಯಿರಿ. ಎರಡು ಕಿಲೋಮೀಟರ್‌ನಷ್ಟು ಏರು, ಮೇಲೆ ನಿಂತರೆ ಎರಡೂ ಬದಿಯ ಕಡಲು ಕಾಣುತ್ತದೆ. ನೆರಳಿಲ್ಲ, ನೀರಿಲ್ಲ. ಬೇಸಿಗೆಯಲ್ಲಿ ತಲೆಗೆ ಎರಡು ಲೀಟರ್ ಒಯ್ಯಬೇಕು, ಎಂಟರೊಳಗೆ ಹತ್ತಲು ಶುರು ಮಾಡಬೇಕು. ದ್ವೀಪದ ಶೇಕಡ 88ರಷ್ಟು ನೆಲ 1972ರಲ್ಲಿ ಹುಟ್ಟಿದ ಕ್ಯಾಟಲೀನಾ ಐಲ್ಯಾಂಡ್ ಕನ್ಸರ್ವೆನ್ಸಿ ಎಂಬ ಸಂರಕ್ಷಣಾ ಸಂಸ್ಥೆಯ ವಶದಲ್ಲಿದೆ. ಅವರ ನೆಲದಲ್ಲಿ ನಡೆಯಲು ಅನುಮತಿ ಪತ್ರ ಬೇಕು. ಹಗಲು ನಡೆಯುವವರಿಗೆ ಅದು ಉಚಿತ, ಸೈಕಲ್ಲಿಗೆ ಶುಲ್ಕ. ಒಳನಾಡಿನಲ್ಲಿ ಕಾಡೆಮ್ಮೆಗಳಿವೆ, 1924ರಲ್ಲಿ ಸಿನಿಮಾ ಚಿತ್ರೀಕರಣಕ್ಕೆಂದು ತಂದ ಬೈಸನ್‌ಗಳ ಸಂತತಿ. ಊರಿನ ಹತ್ತಿರ ಅವು ಕಾಣುವುದು ಅಪರೂಪ. ನೋಡಲೇಬೇಕೆಂದರೆ ಒಳನಾಡಿನ ವಾಹನ ಸುತ್ತಾಟವೇ ಸರಿ. ದ್ವೀಪದ ಪುಟ್ಟ ನರಿ ಮಾತ್ರ ಸಂಜೆ ಊರಂಚಿಗೂ ಬರುತ್ತದೆ. 1999ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ತಗುಲಿ ಈ ನರಿಗಳು ನೂರರ ಆಸುಪಾಸಿಗೆ ಇಳಿದಿದ್ದವು. ಬಹಳ ಜನರ ದುಡಿಮೆಯಿಂದ ಮರಳಿ ಸಾವಿರ ದಾಟಿವೆ. ತಿಂಡಿ ಹಾಕಬೇಡಿ.

ಖರ್ಚಿನ ವಿಷಯ. ಹಾಲು, ತರಕಾರಿ, ಬ್ರೆಡ್ಡು ಎಲ್ಲ ಬಾರ್ಜಿನಲ್ಲಿ ಕಡಲು ದಾಟಿ ಬರುತ್ತವೆ, ಬೆಲೆಯಲ್ಲಿ ಅದು ಕಾಣುತ್ತದೆ. ಊರಿನಲ್ಲಿ ಒಂದು ದೊಡ್ಡ ದಿನಸಿ ಸೂಪರ್‌ಮಾರ್ಕೆಟ್ ಇದೆ. ಅಡುಗೆಮನೆ ಇರುವ ಕೋಣೆ ಹಿಡಿದು ಬೆಳಗಿನ ತಿಂಡಿಯನ್ನಾದರೂ ಅಲ್ಲೇ ಮಾಡಿಕೊಂಡರೆ ಉಳಿತಾಯ. ಸಸ್ಯಾಹಾರಿಗಳಿಗೆ ಮೆಕ್ಸಿಕನ್ ಅಂಗಡಿಗಳ ಬೀನ್ಸ್ ಬರಿಟೊ, ಪಿಜ್ಜಾ ಮುಖ್ಯ ಆಸರೆ. ಬೀನ್ಸ್ ಬೇಯಿಸಲು ಹಂದಿಕೊಬ್ಬು ಹಾಕುತ್ತಾರೆಯೇ ಎಂದು ಕೇಳಿಯೇ ಹೇಳಿ. ಸಿಹಿನೀರು ಇಲ್ಲಿ ಕಡಿಮೆ. ಉಪ್ಪುನೀರನ್ನು ಸಿಹಿ ಮಾಡುವ ಘಟಕವಿದೆ, ಶೌಚಾಲಯಗಳಿಗೆ ಸಮುದ್ರದ ನೀರನ್ನೇ ಬೇರೆ ಕೊಳವೆಯಲ್ಲಿ ಬಿಡುತ್ತಾರೆ. ಬಚ್ಚಲಿನಲ್ಲಿ ತುಸು ಕಡಲ ವಾಸನೆ ಬಂದರೆ ಹೋಟೆಲಿನವರು ಚೊಕ್ಕಟ ಇಟ್ಟಿಲ್ಲ ಎಂದುಕೊಳ್ಳಬೇಡಿ.

ಬೇಸಿಗೆಯ ವಾರಾಂತ್ಯಕ್ಕೆ ಹಲವು ಹೋಟೆಲುಗಳು ಎರಡು ರಾತ್ರಿಗೆ ಕಡಿಮೆ ಕೊಡುವುದಿಲ್ಲ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್, ಏಸಿ ಇಲ್ಲದಿರಬಹುದು, ಎರಡನ್ನೂ ಕೇಳಿಯೇ ಬುಕ್ ಮಾಡಿ. ಮುಂಬೀದಿಯ ಕೋಣೆಗೆ ನೋಟ ಚೆಂದ, ಆದರೆ ರಾತ್ರಿ ಗದ್ದಲ. ಎರಡು ಬೀದಿ ಹಿಂದೆ ಅದೇ ದುಡ್ಡಿಗೆ ದೊಡ್ಡ ಕೋಣೆ, ನಿದ್ದೆಯೂ ಚೆನ್ನಾಗಿ. ಟೆಂಟಿನವರಿಗೆ ಕಣಿವೆಯಲ್ಲಿ ಎರಡೂವರೆ ಕಿಲೋಮೀಟರ್ ಮೇಲೆ ಹರ್ಮಿಟ್ ಗಲ್ಚ್ ಇದೆ. ತಿಂಗಳು ಆರಿಸುವ ಅವಕಾಶವಿದ್ದರೆ ಸೆಪ್ಟೆಂಬರ್ ಕೊನೆ: ಶಾಲೆಗಳು ಶುರುವಾಗಿರುತ್ತವೆ, ನೀರು ಬೆಚ್ಚಗೆ, ಈಶಾನ್ಯದ ಗಾಳಿ ಇನ್ನೂ ಜೋರಾಗಿರುವುದಿಲ್ಲ. ಜೂನ್‌ನಲ್ಲಿ ಮಧ್ಯಾಹ್ನದವರೆಗೂ ಮೋಡ ಮುಚ್ಚಿರುವುದು ಸಾಮಾನ್ಯ. ದಿನ ಗೊತ್ತು ಮಾಡುವ ಮೊದಲು ವಿಹಾರ ಹಡಗುಗಳ ಪಟ್ಟಿ ನೋಡಿ. ಅವು ಕೊಲ್ಲಿಯ ಹೊರಗೆ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಸಾವಿರಾರು ಜನರನ್ನು ಇಳಿಸುತ್ತವೆ, ಅದೂ ಹೆಚ್ಚಾಗಿ ವಾರದ ದಿನಗಳಲ್ಲಿ. ಹಡಗಿಲ್ಲದ ವಾರದ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ.

ಕೊನೆಯ ದೋಣಿ ಹೊರಟ ಅರ್ಧ ಗಂಟೆಯಲ್ಲಿ ಊರು ಊರಿನವರದಾಗುತ್ತದೆ. ಅಂಗಡಿಯವರು ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಕಾರ್ಟುಗಳ ಸದ್ದು ಅಡಗುತ್ತದೆ, ದೋಣಿಗಳ ಹಗ್ಗ ಕಿರ್ ಎನ್ನುವುದು ಕೇಳತೊಡಗುತ್ತದೆ. 1909ರಲ್ಲಿ ಕಟ್ಟಿದ ಹಸಿರು ಪಿಯರ್‌ನ ತುದಿಗೆ ಹೋಗಿ ದೀಪದ ಕೆಳಗೆ ನೀರಿಗೆ ಬಗ್ಗಿ ನೋಡಿ. ಕಂಬಗಳ ನಡುವೆ ಸಣ್ಣ ಮೀನಿನ ಹಿಂಡು ಒಮ್ಮೆಲೇ ಬೆಳ್ಳಿಯಾಗಿ ಹೊರಳುತ್ತದೆ, ಮತ್ತೆ ಕಪ್ಪಾಗುತ್ತದೆ. ಎದುರಿಗೆ, ಕಡಲಿನ ಆಚೆ, ದೊಡ್ಡ ನಗರದ ದೀಪಗಳ ಸಾಲು. ಮರುದಿನ ಆರಕ್ಕೆ ಎದ್ದು ಅಲ್ಲಿಗೇ ಬನ್ನಿ, ಕಾಫಿ ಅಂಗಡಿ ತೆರೆಯುವ ಹೊತ್ತು ಹಿಂದಿನ ಸಂಜೆಯೇ ಕೇಳಿಟ್ಟುಕೊಂಡಿರಿ.